‘ನಂದು ವಿಸ್ಕಿ’ ಎನ್ನುವ ಮುನ್ನ

ಬಾರಿನ ಮೇಜಿಗೆ ನಾಲ್ಕು ಜನ ಕೂತು ಆರ್ಡರ್ ಕೊಡುವ ಹೊತ್ತಿಗೆ ಕಿವಿಗೊಡಿ. “ನಂದು ವಿಸ್ಕಿ”, “ನನಗೆ ರಮ್ಮೇ ಆಗಬೇಕು”, “ಬ್ರಾಂದಿ ಬೇಡಪ್ಪ, ಬೆಳಿಗ್ಗೆ ತಲೆ ಸಿಡಿಯುತ್ತೆ”. ಯಾವ ಪಕ್ಷಕ್ಕೆ ಓಟು ಹಾಕಿದಿರಿ ಎಂದರೆ ಅಡ್ಡಗೋಡೆಯ ಮೇಲೆ ದೀಪ ಇಡುವವರು ಕೂಡ ಇಲ್ಲಿ ಖಡಾಖಂಡಿತ. ಯಾಕೆ ಎಂದು ಕೇಳಿದರೆ “ಟೇಸ್ಟು” ಎಂಬ ಒಂದೇ ಉತ್ತರ. ಅಲ್ಲಿಗೆ ಮಾತು ಮುಗಿಯಿತು. ರುಚಿಯ ವಿಚಾರದಲ್ಲಿ ತಕರಾರು ಸಲ್ಲದು ಎಂಬ ಒಪ್ಪಂದ ಬಹಳ ಹಳೆಯದು. ಲೋಕೋ ಭಿನ್ನರುಚಿಃ ಎಂದು ಅದಕ್ಕೆ ಸಂಸ್ಕೃತದ ಮೊಹರೂ ಬಿದ್ದಿದೆ. ಜರ್ಮನಿಯ ಕಾಂಟ್ 1790ರಲ್ಲಿ ಸೌಂದರ್ಯದ ತೀರ್ಪಿನ ಬಗ್ಗೆ ಬರೆಯುವಾಗ ಉದಾಹರಣೆಗೆ ಆರಿಸಿಕೊಂಡದ್ದು ಕೂಡ ವೈನನ್ನೇ. ಕೆನರಿ ದ್ವೀಪಗಳ ವೈನು ಹಿತವಾಗಿದೆ ಎಂದವನನ್ನು ಯಾರಾದರೂ ತಡೆದು ‘ನಿನಗೆ ಹಿತವಾಗಿದೆ ಅನ್ನು’ ಎಂದರೆ ಅವನು ಬೇಸರವಿಲ್ಲದೆ ಒಪ್ಪಿಕೊಳ್ಳುತ್ತಾನೆ ಎಂಬುದು ಅವನ ಮಾತು. ಚೆಲುವಿನ ವಿಷಯದಲ್ಲಿ ಇತರರ ಒಪ್ಪಿಗೆಯನ್ನು ನಿರೀಕ್ಷಿಸಬಹುದು, ನಾಲಿಗೆಯ ಹಿತದ ವಿಷಯದಲ್ಲಿ ಅವರವರ ಪಾಡು ಅವರವರಿಗೆ.

ಕುಡಿಯುವುದು ತಪ್ಪೋ ಸರಿಯೋ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುತ್ತಿಲ್ಲ. ನನ್ನ ಪ್ರಶ್ನೆ ಒಡೆತನದ್ದು. ನನ್ನದು ಎಂದು ಎದೆ ತಟ್ಟಿಕೊಳ್ಳುವ ಈ ರುಚಿಯಲ್ಲಿ ನಿಜವಾಗಿ ನನ್ನ ಪಾಲು ಎಷ್ಟು?

ಮೊದಲು ಬಾಟಲಿಯೊಳಗೆ ಏನಿದೆ ನೋಡೋಣ. ನಮ್ಮಲ್ಲಿ ಅಗ್ಗದ ದರಕ್ಕೆ ಮಾರಾಟವಾಗುವ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ ಬಹುಪಾಲಿಗೆ ಮೂಲ ಒಂದೇ: ಸಕ್ಕರೆ ಕಾರ್ಖಾನೆಯಿಂದ ಬಂದ ಕಾಕಂಬಿಯನ್ನು ಹುಳಿಸಿ, ಬಟ್ಟಿ ಇಳಿಸಿ, ಬಣ್ಣ ವಾಸನೆಗಳೆಲ್ಲ ಹೋಗುವ ತನಕ ಶುದ್ಧಿ ಮಾಡಿದ ಮದ್ಯಸಾರ. ಇತ್ತೀಚೆಗೆ ಧಾನ್ಯದಿಂದಲೂ ತೆಗೆಯುತ್ತಾರೆ. ಈ ಸಾರಕ್ಕೆ ಹೇಳಿಕೊಳ್ಳುವಂಥ ರುಚಿಯಿಲ್ಲ. ಇರಬಾರದು ಎಂದೇ ಅದನ್ನು ಹಾಗೆ ತಯಾರಿಸುವುದು. ಆಮೇಲೆ ಒಂದಕ್ಕೆ ವಿಸ್ಕಿಯ ಎಸೆನ್ಸು, ಇನ್ನೊಂದಕ್ಕೆ ಬ್ರಾಂದಿಯ ಎಸೆನ್ಸು, ಸುಟ್ಟ ಸಕ್ಕರೆಯ ಬಣ್ಣ, ಶೇಕಡ 42.8ಕ್ಕೆ ಇಳಿಸುವಷ್ಟು ನೀರು. ಸ್ವಲ್ಪ ಮೇಲಿನ ದರದ ಬಾಟಲಿಗೆ ಒಂದಿಷ್ಟು ಮಾಲ್ಟ್ ಸ್ಪಿರಿಟ್ಟೋ ದ್ರಾಕ್ಷಿಯ ಸ್ಪಿರಿಟ್ಟೋ ಸೇರಬಹುದು. ಕಾಕಂಬಿಯಿಂದ ಆದದ್ದನ್ನು ವಿಸ್ಕಿ ಎಂಬ ಹೆಸರಿನಲ್ಲಿ ಯುರೋಪಿನ ಒಕ್ಕೂಟದಲ್ಲಿ ಮಾರುವಂತೆಯೇ ಇಲ್ಲ. ಬ್ರಾಂದಿ ಕುಡಿದರೆ ತಲೆನೋವು, ವಿಸ್ಕಿ ಆದರೆ ಆರಾಮ ಎಂದು ಆಣೆ ಹಾಕುವ ಮನುಷ್ಯ ಬಹಳ ಸಲ ಒಂದೇ ಟ್ಯಾಂಕಿನ ಎರಡು ನಲ್ಲಿಗಳ ನಡುವೆ ಪಕ್ಷ ವಹಿಸಿರುತ್ತಾನೆ.

ಇನ್ನು ಗಡಿ. ಕರ್ನಾಟಕ ವಿಸ್ಕಿಯ ನಾಡು. ಅತ್ತಿಬೆಲೆ ದಾಟಿ ಹೊಸೂರಿಗೆ ಕಾಲಿಟ್ಟರೆ ತಮಿಳುನಾಡು. ಅಲ್ಲಿ ಬ್ರಾಂದಿಯದೇ ದೊಡ್ಡ ಪಾಲು. ಕೇರಳದಲ್ಲಿ ಬ್ರಾಂದಿಯೂ ರಮ್ಮೂ. ಶೀತಕ್ಕೆ ಬ್ರಾಂದಿ, ಬಾಣಂತಿಗೆ ಒಂದು ಚಮಚ ಬ್ರಾಂದಿ ಎಂಬ ಮನೆಮದ್ದಿನ ನಂಬಿಕೆ ದಕ್ಷಿಣದ ಅನೇಕ ಮನೆಗಳಲ್ಲಿ ಇತ್ತು, ಆ ನಂಬಿಕೆಯ ಬೆನ್ನೇರಿ ಬಾಟಲಿ ಬಾರಿಗೂ ಬಂದಿರಬಹುದು. ಹೆದ್ದಾರಿಯ ಆಚೀಚೆ ಇರುವ ಎರಡು ಊರುಗಳ ಜನರ ನಾಲಿಗೆ ಹುಟ್ಟಿನಿಂದ ಬೇರೆಯಲ್ಲ. ಬೇರೆಯಾಗಿರುವುದು ಪರವಾನಗಿ, ತೆರಿಗೆ, ಸರಕು ಪೂರೈಸುವ ಸರ್ಕಾರಿ ನಿಗಮ, ಅಪ್ಪ ಮಾವಂದಿರು ಮೊದಲು ಕೈಗಿಟ್ಟ ಗ್ಲಾಸು. ಹಾಗಿದ್ದೂ ಇಬ್ಬರೂ ತಮ್ಮ ಇಷ್ಟಕ್ಕೆ ತಾವೇ ದೊರೆಗಳು ಎಂದುಕೊಂಡಿದ್ದಾರೆ.

ಸರ್ಕಾರ ಒಂದು ಸಹಿಯಿಂದ ಲಕ್ಷಾಂತರ ಜನರ ಮೆಚ್ಚಿನ ಪಾನೀಯವನ್ನು ಬದಲಾಯಿಸಬಲ್ಲದು ಎನ್ನುವುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪಾಕೀಟು ಹರಿದು ಬಾಯಿಗೆ ಸುರಿದುಕೊಳ್ಳುತ್ತಿದ್ದವರು ಕುಡಿಯುವುದನ್ನು ಬಿಟ್ಟರೆ? ಕೆಲವರು ಬಿಟ್ಟಿರಬಹುದು. ಉಳಿದವರು ಎಂಆರ್‌ಪಿ ಅಂಗಡಿಯ ಕೌಂಟರಿನಲ್ಲಿ ‘ಒಂದು ನೈಂಟಿ’ ಎಂದು ಕೈ ಚಾಚಿದರು. ರಟ್ಟಿನ ಪುಟ್ಟ ಪ್ಯಾಕು, ಅದಕ್ಕೊಂದು ನೀರಿನ ಸ್ಯಾಷೆ, ನೆಂಚಿಕೊಳ್ಳಲು ಉಪ್ಪಿನಕಾಯಿ ಚೀಟಿ. ಈಗ ಅವರ ಗುರುತು ವಿಸ್ಕಿ ಕುಡಿಯುವವರು ಎಂದು. ಅಂಥ ಅಂಗಡಿಗಳಲ್ಲಿ ವರ್ಷಗಟ್ಟಲೆ ಓಡಿದ ಒಂದು ಬ್ರ್ಯಾಂಡಿನ ಹೆಸರು ‘ಒರಿಜಿನಲ್ ಚಾಯ್ಸ್’. ಇದಕ್ಕೆ ನಾನು ಏನನ್ನೂ ಸೇರಿಸಬೇಕಿಲ್ಲ. 2025–26ಕ್ಕೆ ರಾಜ್ಯ ಬಜೆಟ್ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಇಷ್ಟು ದೊಡ್ಡ ಲೆಕ್ಕ ಯಾವುದೋ ಒಬ್ಬನ ನಾಲಿಗೆಯ ಚಪಲವನ್ನು ನಂಬಿ ಕೂತಿರುವುದಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಕಾಡುವುದು ಹೆಂಡದ ಕತೆ. ಕರಾವಳಿಯಲ್ಲಿ ಕಳಿ, ಉತ್ತರದ ಕಡೆ ಸಿಂದಿ, ಹಳೇ ಮೈಸೂರಿನಲ್ಲಿ ಹೆಂಡ. ತೆಂಗಿನದು, ತಾಳೆಯದು, ಈಚಲಿನದು, ಬೈನೆಯದು ಒಂದೊಂದಕ್ಕೆ ಒಂದೊಂದು ಗುಣ. ದಕ್ಷಿಣ ಕನ್ನಡದ ಮೂರ್ತೆದಾರ ತೆಂಗಿನ ಎಳೆಯ ಹೊಂಬಾಳೆಯನ್ನು ಬಿಗಿದು ಕಟ್ಟಿ, ದಿನವೂ ಹದವಾಗಿ ಬಡಿದು, ತುದಿಯನ್ನು ತೆಳ್ಳಗೆ ಸವರಿ, ಕೆಳಗೆ ಪಾತ್ರೆ ಕಟ್ಟಿ ಇಳಿಯುತ್ತಾನೆ. ಪಾತ್ರೆಗೆ ಸುಣ್ಣ ಬಳಿದಿದ್ದರೆ ತೊಟ್ಟಿಕ್ಕಿದ ರಸ ಹುಳಿಯದೆ ಸಿಹಿ ನೀರಾಗಿ ಉಳಿಯುತ್ತದೆ. ಬಳಿಯದಿದ್ದರೆ ಗಾಳಿಯಲ್ಲಿರುವ, ಪಾತ್ರೆಯಲ್ಲೇ ಮನೆ ಮಾಡಿಕೊಂಡ ಯೀಸ್ಟ್ ಮರದ ಮೇಲೆಯೇ ಕೆಲಸ ಶುರು ಮಾಡುತ್ತದೆ. ಬೆಳಗಿನ ಕಳಿ ಸಿಹಿ, ಸಣ್ಣಗೆ ನೊರೆ, ಮಧ್ಯಾಹ್ನಕ್ಕೆ ಹುಳಿ ಹತ್ತಿ ನಾಲಿಗೆ ಚುರುಗುಟ್ಟುತ್ತದೆ, ಸಂಜೆಗೆ ಗಡುಸು, ಬಿಟ್ಟರೆ ವಿನೆಗರ್. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಇಡ್ಲಿಯಂಥ ‘ಸಣ್ಣ’ದ ಹಿಟ್ಟು ಉಬ್ಬಲು ಬೆಳಗಿನದೇ ಬೇಕು, ಮಾಂಸಕ್ಕೆ ಹಾಕಲು ಹುಳಿತದ್ದಾದರೂ ಸರಿ. ಗಡಂಗಿಗೆ ಹೋಗುವವನಿಗೆ ಮರ ಯಾವುದು, ಇಳಿಸಿದ್ದು ಯಾರು, ಎಷ್ಟು ಹೊತ್ತಿನದು ಎಂಬ ವಿಚಾರಣೆ ಸಹಜ. ಇಂಥ ವಿಚಾರಣೆ ಇರುವಲ್ಲಿ ‘ನನ್ನ ರುಚಿ’ ಎಂಬ ಮಾತಿಗೆ ಒಂದು ತೂಕವಿದೆ.

ದಕ್ಷಿಣ ಕನ್ನಡ, ಉಡುಪಿ ಬಿಟ್ಟರೆ ರಾಜ್ಯದ ಉಳಿದೆಡೆ ಹೆಂಡ ಇಳಿಸಲು ಅನುಮತಿ ಇಲ್ಲ. ಕಲಬೆರಕೆಯ ಭಯ ಸುಳ್ಳಲ್ಲ, ಹೆಂಡದ ಹೆಸರಿನಲ್ಲಿ ರಾಸಾಯನಿಕ ಕಲಸಿ ಮಾರಿದವರು ಇದ್ದರು. ಆದರೂ ಆದದ್ದು ಇಷ್ಟು: ಗಂಟೆಗೊಂದು ರುಚಿ ತೋರುತ್ತಿದ್ದ ಪಾನೀಯ ಹೋಗಿ, ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಥರ ಇರುವ ಪಾನೀಯ ಬಂತು. ತೆರಿಗೆ ಹಾಕಲು, ಲೇಬಲ್ ಅಂಟಿಸಲು, ಗೋದಾಮಿನಲ್ಲಿ ಪೇರಿಸಲು ಅದೇ ಅನುಕೂಲ. ದೈವಗಳಿಗೂ ಈ ಬದಲಾವಣೆ ತಟ್ಟಿದೆ. ತುಳುನಾಡಿನಲ್ಲಿ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದೆಲೆ, ಕಳಿ ಒಪ್ಪಿಸುವುದು ವಾಡಿಕೆ. ಈಗ ವೈನ್‌ಶಾಪಿನ ಬಾಟಲಿಯೂ ಹರಕೆಗೆ ಬರುತ್ತದೆ. ಅಜ್ಜನ ಇಷ್ಟವನ್ನು ಯಾರು ಕೇಳಿದರೋ!

ಇಷ್ಟೆಲ್ಲ ಹೇಳಿದರೆ ದುಡ್ಡಿರುವ ಓದುಗರು, ಇದು ಬಡವರ ಪಾಡು, ನಾವು ಸಿಂಗಲ್ ಮಾಲ್ಟಿನವರು ಎನ್ನಬಹುದು. ಅವರ ಸ್ಥಿತಿ ಇನ್ನೂ ನಾಜೂಕು. 2001ರಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ಫ್ರೆಡೆರಿಕ್ ಬ್ರೋಶೆ ಎಂಬ ಸಂಶೋಧಕ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ವೈನಿನ ವಿದ್ಯಾರ್ಥಿಗಳ ಮುಂದಿಟ್ಟ. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. 2008ರಲ್ಲಿ ಅಮೆರಿಕದಲ್ಲಿ ಮತ್ತೊಂದು ಪ್ರಯೋಗ: ಒಂದೇ ವೈನನ್ನು 10 ಡಾಲರಿನದು, 90 ಡಾಲರಿನದು ಎಂದು ಎರಡು ಸಲ ಕೊಟ್ಟು ಮಿದುಳನ್ನು ಸ್ಕ್ಯಾನ್ ಮಾಡಿದರು. ದುಬಾರಿ ಎಂದು ಹೇಳಿ ಕೊಟ್ಟಾಗ ಜನ ಹೆಚ್ಚು ಮೆಚ್ಚಿದ್ದಷ್ಟೇ ಅಲ್ಲ, ಸುಖವನ್ನು ಗುರುತಿಸುವ ಮಿದುಳಿನ ಭಾಗವೂ ಹೆಚ್ಚು ಚುರುಕಾಯಿತು. ಅಂದರೆ ಅವರು ನಟಿಸುತ್ತಿರಲಿಲ್ಲ. ಬೆಲೆ ನಾಲಿಗೆಯ ಒಳಗೇ ಇಳಿದಿತ್ತು.

ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡ 2ರಷ್ಟು ಆವಿಯಾದರೆ ನಮ್ಮ ಹವೆಯಲ್ಲಿ ಶೇಕಡ 10ಕ್ಕೂ ಮೇಲೆ ಹೋಗುತ್ತದೆ, ಆದ್ದರಿಂದ ಬೇಗ ಪಕ್ವವಾಗುತ್ತದೆ. ವಿಸ್ಕಿ ವಿಮರ್ಶಕ ಜಿಮ್ ಮರ್ರೆ 2010ರ ತನ್ನ ಪುಸ್ತಕದಲ್ಲಿ ಅಮೃತ್ ಫ್ಯೂಶನ್ನಿಗೆ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟ. ಆಮೇಲೆ ನಮ್ಮ ಬೆಂಗಳೂರಿನ ಗೆಳೆಯರು ಅದನ್ನು ಮೂಸಿ, ಅರೆಗಣ್ಣು ಮುಚ್ಚಿ, ತಲೆದೂಗಿದರು. ವಿಸ್ಕಿ ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಮೆಚ್ಚುಗೆಯ ದಾರಿ ಮಾತ್ರ ಗ್ಲಾಸ್ಗೋ ಸುತ್ತಿಕೊಂಡು ಬಂತು.

ಹಾಗಾದರೆ ಸ್ವಂತ ರುಚಿ ಎಂಬುದೇ ಭ್ರಮೆಯೆ? ಅಷ್ಟು ದೂರ ನಾನು ಹೋಗಲಾರೆ. ಕಾಂಟ್‌ಗಿಂತ ಮೊದಲೇ, 1757ರಲ್ಲಿ, ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಡಾನ್ ಕ್ವಿಕ್ಸೋಟ್ ಕಾದಂಬರಿಯಿಂದ ಒಂದು ಪ್ರಸಂಗ ಎತ್ತಿಕೊಂಡಿದ್ದ. ಇಬ್ಬರು ಒಂದೇ ಪೀಪಾಯಿಯ ವೈನು ಸವಿದರು. ಚೆನ್ನಾಗಿದೆ, ಆದರೆ ತೊಗಲಿನ ಸೋಂಕಿದೆ ಎಂದ ಒಬ್ಬ. ಕಬ್ಬಿಣದ ಸೋಂಕು ಎಂದ ಇನ್ನೊಬ್ಬ. ಸುತ್ತಲಿನವರು ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ದಾರ ಕಟ್ಟಿದ ಒಂದು ಬೀಗದ ಕೈ ಸಿಕ್ಕಿತು. ಇಬ್ಬರೂ ಹೇಳಿದ್ದು ಬೇರೆ ಬೇರೆ, ಇಬ್ಬರದೂ ನಿಜ. ರುಚಿಗೆ ಒಡೆಯನಾಗುವ ದಾರಿ ಇದೇ ಇರಬೇಕು ಎಂದು ನನಗನಿಸುತ್ತದೆ: ಗ್ಲಾಸಿನಲ್ಲಿ ಇರುವುದನ್ನು ಲೇಬಲ್ಲಿನ ನೆರವಿಲ್ಲದೆ ಗುರುತಿಸುವಷ್ಟು ಗಮನ.

ಬಿಯರ್ ಕಾರ್ಖಾನೆಗಳಲ್ಲಿ ಇದಕ್ಕೊಂದು ಸರಳ ಪರೀಕ್ಷೆ ಮಾಡುತ್ತಾರೆ. ಮೂರು ಲೋಟ, ಎರಡರಲ್ಲಿ ಒಂದೇ ಸರಕು, ಮೂರನೆಯದರಲ್ಲಿ ಬೇರೆ, ಬೇರೆಯದನ್ನು ಹುಡುಕಬೇಕು. ಊಹೆಯಿಂದ ಹೇಳಿದರೂ ಮೂರಕ್ಕೊಂದು ಸಲ ಸರಿ ಬರುತ್ತದೆ, ಆದ್ದರಿಂದ ಒಂದೇ ಸಲಕ್ಕೆ ನಂಬುವಂತಿಲ್ಲ. ರಾಜಾಜಿನಗರದ ಗೆಳೆಯನೊಬ್ಬನ ತಾರಸಿಯಲ್ಲಿ ನಾವು ಇದನ್ನು ಸ್ಟೀಲಿನ ಲೋಟಗಳಲ್ಲಿ ಮಾಡಿದೆವು, ಬಣ್ಣ ಸುಲಭಕ್ಕೆ ಕಾಣಬಾರದೆಂದು. ಅವನು ವರ್ಷಗಳಿಂದ ಒಂದೇ ಬ್ರ್ಯಾಂಡಿನವನು. ಪೀಟ್ ಹೊಗೆಯ ವಿಸ್ಕಿ ಇಟ್ಟಾಗ ಪ್ರತಿ ಸಲವೂ ಹಿಡಿದ. ತನ್ನ ಬ್ರ್ಯಾಂಡನ್ನು ಅದಕ್ಕಿಂತ ಬಹಳ ಅಗ್ಗದ ಒಂದರ ಜೊತೆ ಇಟ್ಟಾಗ ತಬ್ಬಿಬ್ಬಾದ. ಲೋಟವನ್ನು ಅಂಗೈಯಲ್ಲಿ ಬಿಸಿ ಮಾಡಿದ, ಎರಡು ಹನಿ ನೀರು ಹಾಕಿದ, ಕಡಲೆಕಾಯಿ ತಿಂದು ಬಾಯಿ ಬದಲಾಯಿಸಿದ, ದಾರಿ ಸಿಗಲಿಲ್ಲ. ಮರುದಿನವೂ ಅವನು ಕೊಂಡದ್ದು ಹಳೆಯ ಬ್ರ್ಯಾಂಡನ್ನೇ. ಕೇಳಿದರೆ, “ಆ ಬಾಟಲಿ ಕೈಯಲ್ಲಿ ಹಿಡ್ಕೊಂಡಾಗ ಆಗೋ ಖುಷಿನೂ ನಂದೇ ತಾನೆ?” ಎಂದ. ಒಪ್ಪಲೇಬೇಕಾದ ಮಾತು. ಆದರೆ ಅದು ಬಾಟಲಿಯ ಮೇಲಿನ ಪ್ರೀತಿ. ಅದಕ್ಕೆ ರುಚಿ ಎಂದು ಹೆಸರಿಡದಿದ್ದರೆ ಸಾಕು.

ಇಲ್ಲಿ ಇನ್ನೊಂದು ಕಸಿವಿಸಿಯ ವಿಷಯ ಬರುತ್ತದೆ. ಎಲ್ಲವೂ ರುಚಿಗಾಗಿಯೇ ಆಗಿದ್ದರೆ ಈಗ ಅಂಗಡಿಯಲ್ಲಿ ಸಿಗುವ ಆಲ್ಕೋಹಾಲ್ ಇಲ್ಲದ ಬಿಯರು ಚೆನ್ನಾಗಿ ಓಡಬೇಕಿತ್ತು. ಓಡುವುದು ಸ್ಟ್ರಾಂಗ್. ಭಾರತದಲ್ಲಿ ಮಾರಾಟವಾಗುವ ಬಿಯರಿನಲ್ಲಿ ಶೇಕಡ 5ರ ಆಸುಪಾಸಿನ ಮೈಲ್ಡ್‌ಗಿಂತ ಶೇಕಡ 8ರವರೆಗಿನ ಸ್ಟ್ರಾಂಗಿನದೇ ಸಿಂಹಪಾಲು. ಕೊಟ್ಟ ಕಾಸಿಗೆ ಎಷ್ಟು ಏರುತ್ತದೆ ಎಂಬ ಲೆಕ್ಕ ಅಲ್ಲಿ ಮೊದಲು. ನಾಲಿಗೆ ಆಮೇಲೆ ಆ ಲೆಕ್ಕಕ್ಕೆ ಸಹಿ ಹಾಕುತ್ತದೆ. ಆಲ್ಕೋಹಾಲ್ ತೆಗೆದರೆ ಪರಿಮಳ, ಮೈಕಟ್ಟು ಎರಡೂ ಸೊರಗುತ್ತವೆ ಎಂಬುದು ನಿಜ, ಆದ್ದರಿಂದ ಈ ವಾದ ಪೂರ್ತಿ ಗೆಲ್ಲುವುದಿಲ್ಲ. ಆದರೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ 1988ರಿಂದಲೂ ಇರುವ ಒಂದು ವಸ್ತುವಿನ ಸುತ್ತ ನಾವು ಓಕ್ ಮರ, ವೆನಿಲಾ, ಒಣದ್ರಾಕ್ಷಿ ಎಂದು ಇಷ್ಟೊಂದು ಮಾತು ನೇಯುವುದರಲ್ಲಿ ಅದನ್ನು ಮರೆಮಾಡುವ ಆಸೆಯೂ ಸೇರಿದೆ ಎಂಬುದನ್ನು ಹೇಗೆ ಅಲ್ಲಗಳೆಯುವುದು?

ರುಚಿ ಅವರವರದು ಎಂಬ ತತ್ವಕ್ಕೆ ಮೇಜಿನವರು ಎಷ್ಟು ನಿಷ್ಠರು ಎಂದು ತಿಳಿಯಲು ಅಲ್ಲಿ ಕುಡಿಯದ ಒಬ್ಬನನ್ನು ಕೂರಿಸಬೇಕು. “ಏನ್ ಗುರೂ, ಒಂದು ಪೆಗ್ ತಾನೆ”, “ನಮ್ಮ ಮೇಲೆ ಗೌರವ ಇಲ್ವಾ” ಎಂದು ಶುರುವಾಗುತ್ತದೆ. ರಮ್ ಬಿಟ್ಟು ವೋಡ್ಕಾ ಕೇಳಿದವನಿಗೆ ಯಾರೂ ಕಾರಣ ಕೇಳುವುದಿಲ್ಲ; ನಿಂಬೆ ಸೋಡಾ ಕೇಳಿದವನು ಮಾತ್ರ ಔಷಧಿ, ವ್ರತ, ಹೆಂಡತಿಯ ಭಯ ಎಂದು ಏನಾದರೊಂದು ನೆವ ಹುಡುಕಬೇಕು. ನನಗೆ ಇಷ್ಟವಿಲ್ಲ ಎಂಬುದು ಅಲ್ಲಿ ನಡೆಯುವುದಿಲ್ಲ. ಯೆಂಡ್ಕುಡ್ಕ ರತ್ನನನ್ನು ನಮಗೆ ಕೊಟ್ಟ ಜಿ.ಪಿ. ರಾಜರತ್ನಂ ಸ್ವತಃ ಹೆಂಡ ಮುಟ್ಟಿದವರಲ್ಲ. ಅವರು ಈ ಮೇಜಿಗೆ ಬಂದು ಕೂತಿದ್ದರೂ ಗೆಳೆಯರು ಅವರ ಲೋಟಕ್ಕೆ ಒಂದು ಸಣ್ಣದು ಸುರಿಯಲು ನೋಡುತ್ತಿದ್ದರು.