ಉಂಗುರ ಎಣಿಸುವವರು

ಹಳೆಯ ರೋಮಿನ ಸಿಪಾಯಿಗಳ ವೇಷ ತೊಟ್ಟು, ಡೇರೆ ಹೂಡಿ, ಕವಾಯತು ಮಾಡಿ ತೋರಿಸುವ ಹವ್ಯಾಸಿ ಗುಂಪುಗಳು ಯೂರೋಪಿನಲ್ಲಿ ಹಲವಾರಿವೆ. ಇಂಗ್ಲೆಂಡಿನ ‘ಅರ್ಮಿನ್ ಸ್ಟ್ರೀಟ್ ಗಾರ್ಡ್’ ಹುಟ್ಟಿದ್ದು 1972ರಲ್ಲಿ. ದೊಡ್ಡವರಿಗೇಕೆ ಈ ಮಕ್ಕಳಾಟ ಎಂದು ಮೂಗು ಮುರಿಯುವವರಿದ್ದಾರೆ. ನಾನು ಆ ಸಾಲಿನವಳಲ್ಲ. ಪುಸ್ತಕದಲ್ಲಿ ಓದಿದ್ದನ್ನು ಮೈಮೇಲೆ ಹೊತ್ತು ನೋಡುವುದೂ ಒಂದು ಕಲಿಕೆಯೇ. ನನ್ನ ತಕರಾರು ಬೇರೆ.

ಆ ಸಿಪಾಯಿಗಳ ಸರಪಳಿ ಅಂಗಿಯನ್ನು ವಿದ್ವಾಂಸರು ‘ಲೋರಿಕಾ ಹಮಾಟಾ’ ಎನ್ನುತ್ತಾರೆ. ಕಬ್ಬಿಣದ ಪುಟ್ಟ ಉಂಗುರಗಳು. ಒಂದೊಂದೂ ಸುತ್ತಲಿನ ನಾಲ್ಕರ ಕೈ ಹಿಡಿದಿರಬೇಕು. ಒಂದು ಸಾಲಿನಲ್ಲಿ ಇಡಿಯ ಉಂಗುರ. ಮುಂದಿನ ಸಾಲಿನಲ್ಲಿ ತಂತಿಯ ತುದಿಗಳನ್ನು ಚಪ್ಪಟೆ ಮಾಡಿ, ತೂತು ಹೊಡೆದು, ರಿವೆಟ್ ಬಡಿದು ಮುಚ್ಚಿದ ಉಂಗುರ. ಹೀಗೆ ಒಂದು ಅಂಗಿಗೆ ಸಾವಿರಾರು ಉಂಗುರಗಳು. ಸ್ವೆಟರ್ ಹೆಣೆದವರಿಗೆ, ಸೀರೆಗೆ ಕುಚ್ಚು ಕಟ್ಟಿದವರಿಗೆ ಈ ಕೆಲಸ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಹವ್ಯಾಸಿಗಳು ಬಲು ಕಟ್ಟುನಿಟ್ಟು. ತುದಿಗೆ ತುದಿ ಮುಟ್ಟಿಸಿ ಬಿಟ್ಟ ಉಂಗುರ ಎಳೆದರೆ ಬಾಯಿ ಬಿಡುತ್ತದೆ. ಹಾಗಾಗಿ ಅದಕ್ಕೆ ಬೆಲೆಯೂ ಕಡಿಮೆ, ಮರ್ಯಾದೆಯೂ ಕಡಿಮೆ. ರಿವೆಟ್ ಇದೆಯೇ, ಉಂಗುರ ಎಷ್ಟು ಮಿಲಿಮೀಟರ್ ಎಂದೆಲ್ಲ ವಿಚಾರಿಸುತ್ತಾರೆ. ವಿಚಾರಿಸಲಿ. ಆದರೆ ಪೇಟೆಗೆ ಬರುವ ಈ ಅಂಗಿಗಳಲ್ಲಿ ಎಷ್ಟೋ ನಮ್ಮ ದೇಶದ ಕಾರ್ಖಾನೆಗಳಲ್ಲೇ ತಯಾರಾಗಿ ಹೊರದೇಶಕ್ಕೆ ಹೋಗುತ್ತವೆ. ನಾನು ನೋಡಿದ ಮಾರಾಟದ ಪಟ್ಟಿಗಳಲ್ಲಿ ತೂಕವಿತ್ತು, ಅಳತೆಯಿತ್ತು, ಬೆಲೆಯಿತ್ತು. ಎಷ್ಟು ದಿನದ ಕೆಲಸ, ಪೋಣಿಸಿದವರಿಗೆ ಕೂಲಿಯೆಷ್ಟು ಎಂಬ ಒಂದು ಸಾಲೂ ಇರಲಿಲ್ಲ. ಉಂಗುರ ಎಣಿಸುವವರು ಬೆರಳನ್ನೇಕೆ ಎಣಿಸುವುದಿಲ್ಲ?

ಹಿಂದೆಯೂ ಹೀಗೇ ಇತ್ತಲ್ಲ ಎನ್ನಬಹುದು. ನಿಜ. ಈ ಅಂಗಿ ಗಾಲ್ ಜನರದೆಂದು ರೋಮಿನ ಪಂಡಿತ ವಾರೋನೇ ಬರೆದಿಟ್ಟಿದ್ದಾನೆ. ಆದರೂ ಹೆಸರು ಬಂದದ್ದು ರೋಮಿಗೆ. ಜರ್ಮನಿಯ ಕಾಲ್ಕ್ರೀಸೆಯಲ್ಲಿ ಸಿಕ್ಕ ಇಂಥ ಅಂಗಿಯ ಕೊಂಡಿಯೊಂದರ ಮೇಲೆ ಮಾರ್ಕಸ್ ಐಯಸ್ ಎಂಬ ಸಿಪಾಯಿಯ ಹೆಸರಿದೆ. ತೊಟ್ಟವನ ಹೆಸರು ಎರಡು ಸಾವಿರ ವರ್ಷ ಉಳಿಯಿತು, ಹೆಣೆದವರದು ಉಳಿಯಲಿಲ್ಲ. ಆ ಅನ್ಯಾಯವನ್ನು ಇನ್ನು ತಿದ್ದಲಾಗದು. ಅದನ್ನೂ ನಕಲು ಮಾಡಲೇಬೇಕೆಂದು ಯಾರು ಹೇಳಿದರು?

ರಿವೆಟ್ ಇದೆಯೇ ಎಂದು ಕೇಳುವ ಬಾಯಿ, ಅದನ್ನು ಬಡಿದವರು ಯಾರು, ಅವರ ಕೈಗೆ ಸಿಕ್ಕಿದ್ದೆಷ್ಟು ಎಂದೂ ಕೇಳಲಿ. ಕೊಳ್ಳುವವರು ಪಟ್ಟು ಹಿಡಿದು ಕೇಳಿದರೆ ಮಾರುವವರು ಉತ್ತರ ಹೇಳಲೇಬೇಕಾಗುತ್ತದೆ. ಅಲ್ಲಿಯವರೆಗೆ, ಆ ಅಂಗಿ ಅಚ್ಚುಕಟ್ಟಾಗಿದೆಯೆಂದು ಬೇಕಾದರೆ ಒಪ್ಪುತ್ತೇನೆ. ಪ್ರಾಮಾಣಿಕವೆಂದು ಮಾತ್ರ ಒಪ್ಪಲಾರೆ.