ನಾವು ಓದಿದ್ದು ಯಾವ ನ್ಯಾನ್ಸಿ ಡ್ರೂ?

ಅಕ್ಕನ ಮಗಳಿಗೆ ಹತ್ತು ತುಂಬಿತು. ‘ಚಿಕ್ಕಿ, ಈ ಸಲ ಡ್ರೆಸ್ ಬೇಡ, ಪತ್ತೇದಾರಿ ಪುಸ್ತಕ ಕೊಡ್ಸು’ ಅಂದಳು. ನಾನು ಯೋಚನೆ ಮಾಡೋ ಪ್ರಶ್ನೆಯೇ ಇರಲಿಲ್ಲ. ನ್ಯಾನ್ಸಿ ಡ್ರೂ!

ಶಿವಮೊಗ್ಗದಲ್ಲಿ ನಮ್ಮ ಮನೆ ಹತ್ತಿರದ ಬಾಡಿಗೆ ಲೈಬ್ರರಿಯಿಂದ ತಂದು, ಗಣಿತದ ಪುಸ್ತಕದೊಳಗೆ ಬಚ್ಚಿಟ್ಟು ಓದಿದವಳು ನಾನು. ಟ್ಯೂಷನ್ನಿಗೆ ಸೈಕಲ್ ತೆಗೆಯೋಕೂ ಅಮ್ಮನ ಹತ್ತು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ನ್ಯಾನ್ಸಿಗೋ ಸ್ವಂತ ಕಾರು! ವಕೀಲ ಅಪ್ಪ ‘ಹುಷಾರಮ್ಮ’ ಅನ್ನೋದು ಬಿಟ್ಟರೆ ತಡೆಯುತ್ತಲೇ ಇರಲಿಲ್ಲ. ನನಗೆ ಅವಳಾಗಬೇಕಿತ್ತು.

ಕೊಡೋ ಮುಂಚೆ ನಾನೇ ಇನ್ನೊಮ್ಮೆ ಓದೋಣ ಅಂತ ಮೊದಲ ಪುಸ್ತಕ ‘ದಿ ಸೀಕ್ರೆಟ್ ಆಫ್ ದಿ ಓಲ್ಡ್ ಕ್ಲಾಕ್’ ಹುಡುಕಿದೆ. ಆ ಹೆಸರಿನಲ್ಲಿ ಎರಡು ಪುಸ್ತಕ ಇವೆ ಅಂತ ಆಗ ಗೊತ್ತಾಯ್ತು. ಒಂದು 1930ರದ್ದು, ಇನ್ನೊಂದು 1959ರಲ್ಲಿ ತಿದ್ದಿ ಬರೆದದ್ದು. ನಾನು ಓದಿದ್ದು ತಿದ್ದಿದ್ದನ್ನು. ಹಳೆಯದು ಅಮೆರಿಕದಲ್ಲಿ 2026ರ ಜನವರಿ 1ಕ್ಕೆ ಕಾಪಿರೈಟ್‌ನಿಂದ ಹೊರಬಂದಿದೆ. ಆಫೀಸಿನಲ್ಲಿ ಹಳೇ ಕೋಡ್, ಹೊಸ ಕೋಡ್ ಪಕ್ಕಪಕ್ಕ ಇಟ್ಟು ನೋಡೋದೇ ನನ್ನ ಕೆಲಸ. ಇವೆರಡನ್ನೂ ಹಾಗೇ ಓದಿದೆ.

25 ಅಧ್ಯಾಯ 20ಕ್ಕೆ ಇಳಿದಿದೆ. 16ರ ನ್ಯಾನ್ಸಿಗೆ 18 ಆಗಿದೆ. ಹಳೆಯ ನ್ಯಾನ್ಸಿ ಸ್ವಲ್ಪ ಒರಟು, ದೊಡ್ಡವರ ಮುಂದೆ ತಗ್ಗಿ ನಡೆಯುವವಳಲ್ಲ. ಹೊಸ ನ್ಯಾನ್ಸಿಗೆ ವಿನಯ ಜಾಸ್ತಿ. ಮೊದಲು ಬರೀ ಮನೆಗೆಲಸದವಳಾಗಿದ್ದ ಹ್ಯಾನಾ ಗ್ರೂಯೆನ್, ಆಮೇಲೆ ತಾಯಿಯಂತೆ ಸಾಕಿದವಳಾಗಿದ್ದಾಳೆ. ಅಡುಗೆ, ಮನೆ ಎಲ್ಲ ಹ್ಯಾನಾ ನೋಡಿಕೊಳ್ಳೋದಕ್ಕೇ ನ್ಯಾನ್ಸಿ ಕಳ್ಳರ ಹಿಂದೆ ಓಡ್ತಾಳೆ. ಚಿಕ್ಕವಳಿದ್ದಾಗ ಇದು ನನ್ನ ತಲೆಗೇ ಹೋಗಿರಲಿಲ್ಲ.

ನಾನು ಓದು ನಿಲ್ಲಿಸಿದ್ದು ಜೆಫ್ ಟಕರ್ ಬಂದಾಗ. ಸರೋವರದ ಪಕ್ಕದ ಬಂಗಲೆಗೆ ಅವನು ಕಾವಲುಗಾರ. ಕಳ್ಳರು ನ್ಯಾನ್ಸಿಯನ್ನು ಕಪಾಟಿನೊಳಗೆ ಕೂಡಿಹಾಕಿ, ಸಾಮಾನೆಲ್ಲ ಹೊತ್ತುಕೊಂಡು ಹೋಗಿರುತ್ತಾರೆ. 1930ರ ಪುಸ್ತಕದಲ್ಲಿ ಈ ಜೆಫ್ ಕಪ್ಪು ಜನಾಂಗದವನು. ಕುಡಿದು ಕೆಲಸ ಮರೆತವನು. ಅವನ ಮಾತಿನ ಧಾಟಿಯನ್ನೇ ನಗೆಪಾಟಲು ಮಾಡಿ ಬರೆದಿದ್ದಾರೆ. ನ್ಯಾನ್ಸಿಯೂ ಅವನನ್ನು ಗೌರವದಿಂದೇನೂ ಮಾತಾಡಿಸಲ್ಲ. ಓದ್ತಾ ಹೋದ ಹಾಗೆ ನನ್ನ ಮುಖ ಬಿಸಿಯಾಯ್ತು. ನನ್ನ ಬಣ್ಣವೂ ಕಪ್ಪೇ. ಆ ಕಥೆಯೊಳಗೆ ಹೋಗಿದ್ದರೆ ನನಗೆ ನ್ಯಾನ್ಸಿಯ ಪಾತ್ರ ಅಂತೂ ಸಿಗ್ತಿರಲಿಲ್ಲ.

1959ರಲ್ಲಿ ಇದನ್ನು ಹೇಗೆ ಸರಿ ಮಾಡಿದರು? ಜೆಫ್ ಟಕರ್ ಅನ್ನೋ ಹೆಸರು ಉಳಿದಿದೆ. ಕುಡಿತ ಹೋಗಿದೆ, ಲೇವಡಿ ಹೋಗಿದೆ, ಜೊತೆಗೆ ಅವನು ಕಪ್ಪು ಜನಾಂಗದವನು ಅನ್ನೋದೂ ಹೋಗಿದೆ. ಅವಮಾನ ತೆಗೆಯೋಕೆ ಹೋಗಿ ಮನುಷ್ಯನನ್ನೇ ತೆಗೆದರು. ಬಗ್ ಇದ್ದ ಫೀಚರನ್ನೇ ಡಿಲೀಟ್ ಮಾಡಿ ‘ಫಿಕ್ಸ್ ಆಯ್ತು’ ಅಂತ ಟಿಕೆಟ್ ಮುಚ್ಚೋರನ್ನು ನೀವೂ ನೋಡಿರ್ತೀರಿ.

ಇನ್ನೊಬ್ಬರ ಹೆಸರೂ ಕಾಣದೆ ಹೋಗಿತ್ತು. ಮುಖಪುಟದ ಮೇಲಿರುವ ಕ್ಯಾರೊಲಿನ್ ಕೀನ್ ಅನ್ನುವ ಲೇಖಕಿ ಇರಲೇ ಇಲ್ಲ. ಎಡ್ವರ್ಡ್ ಸ್ಟ್ರಾಟ್‌ಮೇಯರ್ ಎಂಬುವರ ಕಂಪನಿ ಕಥೆಯ ಎಳೆ ಕೊಟ್ಟು ಬೇರೆಯವರಿಂದ ಬರೆಸುತ್ತಿತ್ತು. ಮೊದಲ 30 ಪುಸ್ತಕಗಳಲ್ಲಿ 23 ಬರೆದವರು ಮಿಲ್ಡ್ರೆಡ್ ವರ್ಟ್ ಬೆನ್ಸನ್. ಶುರುವಿನಲ್ಲಿ ಸಿಕ್ಕಿದ್ದು ಪುಸ್ತಕಕ್ಕೆ 125 ಡಾಲರ್, ಹಕ್ಕೆಲ್ಲ ಕಂಪನಿಗೆ. 1980ರ ಒಂದು ಕೋರ್ಟ್ ಕೇಸಿನಲ್ಲಿ ಅವರು ಸಾಕ್ಷಿ ಹೇಳಿದ ಮೇಲೇ ವಿಷಯ ಹೆಚ್ಚು ಜನಕ್ಕೆ ತಿಳಿದದ್ದು. ಆದರೆ ಪಾಪ ಅನ್ನೋಕೂ ಮನಸ್ಸು ಪೂರ್ತಿ ಒಪ್ಪಲ್ಲ. ಆ ಧೀರ ಹುಡುಗಿಯನ್ನು ಬರೆದ ಕೈಯೇ 1930ರ ಜೆಫ್‌ನನ್ನೂ ಬರೆದದ್ದು.

ಹಾಗಾದ್ರೆ ಈ ಸರಣಿ ಬೇಡವಾ? ಅಮೆರಿಕದ ಸುಪ್ರೀಂ ಕೋರ್ಟ್‌ಗೆ ನ್ಯಾಯಮೂರ್ತಿಯಾದ ಸೋನಿಯಾ ಸೋಟೊಮೇಯರ್ ಚಿಕ್ಕಂದಿನಲ್ಲಿ ನ್ಯಾನ್ಸಿಯನ್ನು ಮೆಚ್ಚಿ ಓದಿದವರು. ಬಡ ಪ್ಯೂರ್ಟೊರಿಕನ್ ಮನೆಯ ಹುಡುಗಿ ಅವರು, ನ್ಯಾನ್ಸಿಯ ಊರಿನಲ್ಲಿ ಅವರಿಗೂ ಜಾಗ ಇರಲಿಲ್ಲ. ಆದರೂ ಅಲ್ಲಿಂದ ಏನೋ ತಗೊಂಡ್ರು. ನಾನೂ ತಗೊಂಡಿದ್ದೇನೆ. ಮೀಟಿಂಗಿನಲ್ಲಿ ಎಲ್ಲರೂ ತಲೆ ಆಡಿಸ್ತಿರುವಾಗ ‘ಒಂದ್ನಿಮಿಷ, ಇದು ಹೊಂದ್ತಿಲ್ಲ’ ಅನ್ನೋ ಧೈರ್ಯ ನನಗೆ ಯಾವ ಟ್ರೈನಿಂಗಿನಲ್ಲೂ ಸಿಕ್ಕಿದ್ದಲ್ಲ.

ಕೊನೆಗೆ 1959ರದ್ದನ್ನೇ ಹುಟ್ಟುಹಬ್ಬಕ್ಕೆ ಕೊಟ್ಟೆ. ಎರಡೇ ದಿನಕ್ಕೆ ಓದಿ ಮುಗಿಸಿದಳು. ಭಾನುವಾರ ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ಜೆಫ್ ಟಕರ್ ಕಥೆ ಹೇಳಿದೆ. ಹತ್ತು ವರ್ಷದವಳಿಗೆ ಹೇಳಬೇಕೋ ಬೇಡವೋ ಅಂತ ಅಳುಕಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

‘ಅವನನ್ನ ಹಾಗೇ ಇಟ್ಟು, ಒಳ್ಳೇ ಕಾವಲುಗಾರ ಅಂತ ಬರೀಬಹುದಿತ್ತಲ್ಲ ಚಿಕ್ಕಿ?’

ಬರೀಬಹುದಿತ್ತು ಪುಟ್ಟಿ ಅಂದೆ. ಅವಳೀಗ ಎರಡನೇ ಪುಸ್ತಕ ಕೇಳಿದ್ದಾಳೆ. ಈ ಸಲ ಎರಡೂ ವರ್ಷನ್ ಬೇಕಂತೆ.