ಲೈವ್‌ನಲ್ಲೂ ಇಡೀ ಮೇಳ ಕಾಣಲಿ
ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ತಂಬೂರಿ ಪದ, ಕಂಸಾಳೆಗಳು ಈಗ ಮೊಬೈಲ್‌ನ ನೇರಪ್ರಸಾರದಲ್ಲೂ ಸಿಗುತ್ತವೆ. ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಾದಪ್ಪನ ಕಥೆಗಳನ್ನು ಊರು ಬಿಟ್ಟು ದುಡಿಯಲು ಹೋದವರೂ ಕೇಳುವಂತಾಗಿದ್ದು ದೊಡ್ಡ ಭಾಗ್ಯ. ಕ್ಯಾಮೆರಾ ಹಿಡಿಯುವ ಹುಡುಗರಲ್ಲಿ ನನ್ನದೊಂದು ಅರಿಕೆ: ಫೋನನ್ನು ಅಡ್ಡ ಹಿಡಿಯಿರಿ, ಅಲುಗಾಡಿಸಬೇಡಿ. ಉದ್ದಕ್ಕೆ ಹಿಡಿದರೆ ಮುಂದಾಳು ಗಾಯಕರ ಮುಖ, ತಂಬೂರಿ ಅಷ್ಟೇ ಕಾಣುತ್ತವೆ. ದಮ್ಮಡಿ ಬಡಿಯುವವರು, ಸೊಲ್ಲು ಎತ್ತಿಕೊಳ್ಳುವ ಹಿಮ್ಮೇಳದವರು ಮರೆಯಾಗುತ್ತಾರೆ. ಅವರಿಲ್ಲದೆ ಕಥೆಯೇ ಸಾಗದು. ಕಂಸಾಳೆಗಂತೂ ಅಗಲವಾದ ನೋಟವೇ ಬೇಕು. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದು ಕೈಯ ದಾರದ ತುದಿಯಲ್ಲಿ ಚಪ್ಪಟೆ ತಾಳ. ಬೀಸು ಕಂಸಾಳೆಯಲ್ಲಿ ಅದು ತಲೆಯ ಮೇಲೆ, ಬೆನ್ನ ಹಿಂದೆ ಸುತ್ತಿ ಬಂದು ಬಟ್ಟಲಿಗೆ ಬಡಿಯುತ್ತದೆ. ಕೈಯನ್ನಷ್ಟೇ ಹತ್ತಿರದಿಂದ ತೋರಿಸಿದರೆ ಆ ಸುತ್ತು ತುಂಡಾಗುತ್ತದೆ, ಪೆಟ್ಟು ಮಾತ್ರ ಕೇಳುತ್ತದೆ. ಗತಿಯ ವಿಷಯದಲ್ಲೂ ಅಷ್ಟೇ. ಹಾಡು ನಿಂತು ಕಥೆ ಮಾತಿಗೆ ಇಳಿದಾಗ, ಬರಿ ತಂಬೂರಿ ಮಿಡಿಯುವಾಗ, ಏನೂ ನಡೆಯುತ್ತಿಲ್ಲ ಎಂದು ಪ್ರೇಕ್ಷಕರತ್ತ ಕ್ಯಾಮೆರಾ ತಿರುಗಿಸಬೇಡಿ. ಕೇಳುಗರ ಎದೆಗೆ ಕಥೆ ಇಳಿಯುವ ಹೊತ್ತು ಅದೇ. ಮಾದಪ್ಪನ ಕಥೆಯಲ್ಲಿ ಬರುವ ಸಂಕಮ್ಮನ ಸಂಕಟ ಅವಸರದಲ್ಲಿ ಅರ್ಥವಾಗುವಂಥದ್ದಲ್ಲ. ಅದಕ್ಕೆಂದೇ ಹಿರಿಯರು ಇರುಳೆಲ್ಲ ಹಾಡಿದರು. ಚಿಕ್ಕ ತುಣುಕುಗಳನ್ನು ಬೇಕಾದರೆ ಆಮೇಲೆ ಕತ್ತರಿಸಿ ಹಂಚಿ, ತಪ್ಪೇನಿಲ್ಲ. ಆದರೆ ಕಥೆಯ ಒಂದೊಂದು ಸಾಲನ್ನೂ, ಅಂದರೆ ಒಂದೊಂದು ಭಾಗವನ್ನೂ, ಮೊದಲಿನಿಂದ ಕೊನೆಯವರೆಗೆ ದಾಖಲಿಸಿ ಉಳಿಸಿ. ಗುರುವಿನ ಪಕ್ಕ ಕೂತು ಕಲಿಯುವ ಅವಕಾಶವಿಲ್ಲದ ನಾಳಿನ ಹುಡುಗ ಹುಡುಗಿಯರಿಗೆ ಆ ಪೂರ್ತಿ ದಾಖಲೆಯೇ ಪಾಠವಾಗುತ್ತದೆ.